ಮಾನಸಿಕ ಕಾಯಿಲೆ ಇರುವವರ ಹಕ್ಕುಗಳು: ಒಪಿಡಿ ಬೆಂಚಿನ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ ಇದೆ. ಕಾಯಿಲೆ ಶುರುವಾಗಿ ಹದಿನೆಂಟು ವರ್ಷ ದಾಟಿತು. ತಿಂಗಳಿಗೊಮ್ಮೆ ಅವನ ಜೊತೆ ಆಸ್ಪತ್ರೆಗೆ ಹೋಗುತ್ತೇನೆ. ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತರೆ ನಮ್ಮ ಸರದಿ ಬರುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಅಷ್ಟು ಹೊತ್ತು ಪಕ್ಕದಲ್ಲಿ ಕೂತ ಅಮ್ಮಂದಿರು, ಗಂಡಂದಿರು, ಅಕ್ಕತಂಗಿಯರ ಜೊತೆ ಮಾತು. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ನಾನು ವಕೀಲೆ ಅಲ್ಲ, ಡಾಕ್ಟರೂ ಅಲ್ಲ. ಕಾಯ್ದೆಯನ್ನು ಕೂತು ಓದಿ, ಅಣ್ಣನಿಗಾಗಿ ಬಳಸಿ ನೋಡಿದವಳು ಅಷ್ಟೇ.

ಯಾವ ಕಾನೂನಿನ ಬಗ್ಗೆ ಮಾತಾಡುತ್ತಿದ್ದೀರಿ?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017. ಜಾರಿಗೆ ಬಂದಿದ್ದು 2018ರಲ್ಲಿ. ಇದಕ್ಕೂ ಮುಂಚೆ 1987ರ ಕಾಯ್ದೆ ಇತ್ತು, ಅದಕ್ಕೂ ಮುಂಚೆ ಬ್ರಿಟಿಷರ ಕಾಲದ 1912ರ ಕಾಯ್ದೆ. 1912ರದಕ್ಕೆ ಹೆಸರೇ 'ಲೂನಸಿ ಆ್ಯಕ್ಟ್' ಅಂತ. ಹುಚ್ಚರನ್ನು ಎಲ್ಲಿ ಇಡಬೇಕು, ಯಾರು ಕಾಯಬೇಕು ಅನ್ನುವುದೇ ಅದರ ಚಿಂತೆ.

ಹೊಸ ಕಾಯ್ದೆ ಬರಲು ಎರಡು ಕಾರಣಗಳನ್ನು ನೆನಪಿಡಿ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ ಮಾಡಿದ ಒಪ್ಪಂದವನ್ನು ಭಾರತ 2007ರಲ್ಲಿ ಅಂಗೀಕರಿಸಿತು. ಅದಕ್ಕೆ ತಕ್ಕಂತೆ ನಮ್ಮ ಕಾನೂನು ಬದಲಾಗಲೇಬೇಕಿತ್ತು. ಇನ್ನೊಂದು, ಅದಕ್ಕೂ ಹಿಂದಿನದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾದ ಹತ್ತಿರ ರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಒಂದು ಗುಡಿಸಲಿಗೆ ಬೆಂಕಿ ಬಿತ್ತು. 28 ಜನ ಸತ್ತರು. ಓಡಿಹೋಗಲು ಆಗಲಿಲ್ಲ, ಯಾಕೆಂದರೆ ಅವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಈ ಸುದ್ದಿ ಓದಿದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ನಮ್ಮ ಮನೆಗೂ ಇದಕ್ಕೂ ಸಂಬಂಧ ಬರುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು?

ಯಾರನ್ನು ಬೇಕಾದರೂ 'ಮಾನಸಿಕ ರೋಗಿ' ಅಂತ ಹೇಳಿಬಿಡಬಹುದಾ?

ಆಗುವುದಿಲ್ಲ. ಯೋಚನೆ, ಮನಸ್ಥಿತಿ, ಗ್ರಹಿಕೆ ಅಥವಾ ನೆನಪಿನಲ್ಲಿ ದೊಡ್ಡ ಏರುಪೇರಾಗಿ, ದಿನದ ಬದುಕು ನಡೆಸುವುದೇ ಕಷ್ಟವಾಗಬೇಕು. ಅದನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಂಥ ಒಪ್ಪಿತ ವೈದ್ಯಕೀಯ ಮಾನದಂಡ ಇಟ್ಟುಕೊಂಡೇ ತೀರ್ಮಾನಿಸಬೇಕು. ಕುಡಿತ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಇದರಲ್ಲಿ ಸೇರುತ್ತವೆ. ಬುದ್ಧಿಮಾಂದ್ಯ ಸೇರುವುದಿಲ್ಲ.

ಮಗಳು ಬೇರೆ ಜಾತಿಯವನನ್ನು ಮದುವೆಯಾಗುತ್ತೇನೆ ಅಂದಳು, ಸೊಸೆ ಎದುರು ಮಾತಾಡಿದಳು, ತಮ್ಮ ಆಸ್ತಿಯಲ್ಲಿ ಪಾಲು ಕೇಳಿದ. ಇವು ಯಾವುವೂ ಕಾಯಿಲೆ ಅಲ್ಲ. ಜಾತಿ, ಧರ್ಮ, ರಾಜಕೀಯ, ಹಣಕಾಸಿನ ಸ್ಥಿತಿ, ಮನೆಯವರ ನಂಬಿಕೆಗೆ ಹೊಂದಿಕೊಳ್ಳದಿರುವುದು, ಇವನ್ನು ನೆಪ ಮಾಡಿಕೊಂಡು ಯಾರಿಗೂ ರೋಗದ ಹಣೆಪಟ್ಟಿ ಹಚ್ಚುವಂತಿಲ್ಲ. ಹಿಂದೆ ಒಮ್ಮೆ ಚಿಕಿತ್ಸೆ ಪಡೆದಿದ್ದರು ಅನ್ನುವ ಒಂದೇ ಕಾರಣಕ್ಕೆ ಈಗಲೂ ಕಾಯಿಲೆ ಇದೆ ಅನ್ನುವಂತೆಯೂ ಇಲ್ಲ.

ತಲೆ ಸರಿ ಇಲ್ಲದಾಗ ಅವರೇ ತೀರ್ಮಾನ ತೆಗೆದುಕೊಳ್ಳುವುದು ಹೇಗೆ?

ಬೆಂಚಿನ ಮೇಲೆ ಅತಿ ಜಾಸ್ತಿ ಕೇಳುವ ಪ್ರಶ್ನೆ ಇದು. ಕಾಯ್ದೆಯ ಜೀವವೂ ಇಲ್ಲೇ ಇದೆ.

ಕಾಯಿಲೆ ಇದ್ದರೂ, ಪ್ರತಿಯೊಬ್ಬರಿಗೂ ತಮ್ಮ ಚಿಕಿತ್ಸೆಯ ಬಗ್ಗೆ ತೀರ್ಮಾನ ಮಾಡುವ ಶಕ್ತಿ ಇದೆ ಅಂತಲೇ ಕಾಯ್ದೆ ಹೊರಡುತ್ತದೆ. ವೈದ್ಯರು ನೋಡಬೇಕಾದ್ದು ಇಷ್ಟು: ಹೇಳಿದ ವಿಷಯ ಅವರಿಗೆ ಅರ್ಥವಾಗುತ್ತಿದೆಯಾ, ಚಿಕಿತ್ಸೆ ತಗೊಂಡರೆ ಅಥವಾ ಬಿಟ್ಟರೆ ಏನಾಗುತ್ತದೆ ಅಂತ ಒಂದು ಮಟ್ಟಿಗೆ ಗೊತ್ತಾಗುತ್ತಿದೆಯಾ, ತಮ್ಮ ತೀರ್ಮಾನವನ್ನು ಮಾತಿನಲ್ಲೋ ಸನ್ನೆಯಲ್ಲೋ ಹೇಳಬಲ್ಲರಾ. ವಿಷಯವನ್ನು ಅವರ ಭಾಷೆಯಲ್ಲಿ, ಸುಲಭವಾಗಿ, ಬೇಕಾದರೆ ಚಿತ್ರ ತೋರಿಸಿಯಾದರೂ ಹೇಳಬೇಕು. ಅವರ ತೀರ್ಮಾನ ನಮಗೆ ತಪ್ಪು ಅನ್ನಿಸಿತು ಅಂದಮಾತ್ರಕ್ಕೆ ಅವರಿಗೆ ಶಕ್ತಿ ಇಲ್ಲ ಅನ್ನುವಂತಿಲ್ಲ.

ಒಂದು ಸಂಗತಿ ಹೇಳುತ್ತೇನೆ. ಅಣ್ಣ ಒಂದು ಮಾತ್ರೆಯನ್ನು ತಿಂಗಳುಗಟ್ಟಲೆ ನಾಲಿಗೆ ಕೆಳಗಿಟ್ಟುಕೊಂಡು ಹಿತ್ತಲಲ್ಲಿ ಉಗಿಯುತ್ತಿದ್ದ. ನಾವು 'ಹಟ' ಅಂದುಕೊಂಡಿದ್ದೆವು. ಒಂದು ಸಲ ಹೊಸದಾಗಿ ಬಂದ ಡಾಕ್ಟರು ನನ್ನನ್ನು ಬಿಟ್ಟು ಅವನನ್ನೇ ಕೇಳಿದರು, "ಯಾಕೆ ಬೇಡ ಅನ್ನಿಸುತ್ತೆ?" ಅವನು ಏನೂ ಹೇಳಲಿಲ್ಲ. ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ಹಿಡಿದ. ಕೈ ನಡುಗಿ ನೀರು ಕೇಸ್ ಶೀಟಿನ ಮೇಲೆ ಚೆಲ್ಲಿತು. ಅವನು ಸೈನ್‌ಬೋರ್ಡ್ ಬರೆಯುತ್ತಿದ್ದವನು. ಕೈಯೇ ಅವನ ಹೊಟ್ಟೆಪಾಡು. ಡಾಕ್ಟರು ಅವತ್ತೇ ಮಾತ್ರೆ ಬದಲಾಯಿಸಿದರು. ಮುಂದೆ ಉಗಿಯುವುದು ನಿಂತಿತು.

ಎಷ್ಟೋ ವರ್ಷ ನಾವು ಯಾರೂ ಅವನನ್ನು ಕೇಳಿರಲಿಲ್ಲ.

ಒಪ್ಪದಿದ್ದರೂ ಅಡ್ಮಿಟ್ ಮಾಡಬಹುದಾ?

ಮಾಡಬಹುದು, ಆದರೆ ಮೊದಲಿನಷ್ಟು ಸಲೀಸಲ್ಲ. ಇದನ್ನು 'ಬೆಂಬಲಿತ ದಾಖಲಾತಿ' ಅನ್ನುತ್ತಾರೆ. ರೋಗಿಯ ಪ್ರತಿನಿಧಿ (ಯಾರು ಅಂತ ಮುಂದೆ ಹೇಳುತ್ತೇನೆ) ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು, ಅದೂ ಅಡ್ಮಿಟ್ ಆಗುವ ದಿನ ಅಥವಾ ಹಿಂದಿನ ಏಳು ದಿನದೊಳಗೆ. ಇತ್ತೀಚೆಗೆ ತಮಗೆ ತಾವೇ ಅಪಾಯ ಮಾಡಿಕೊಳ್ಳಲು ಹೊರಟಿರಬೇಕು, ಅಥವಾ ಬೇರೆಯವರ ಮೇಲೆ ಕೈ ಮಾಡಿರಬೇಕು, ಅಥವಾ ಊಟ ಸ್ನಾನವನ್ನೂ ನೋಡಿಕೊಳ್ಳಲಾರದೆ ಅಪಾಯಕ್ಕೆ ಸಿಕ್ಕಿರಬೇಕು. ಆ ಕ್ಷಣಕ್ಕೆ ಅವರಿಗೆ ಸ್ವಂತ ತೀರ್ಮಾನ ಕಷ್ಟವಾಗಿರಬೇಕು, ಮತ್ತು ಅಡ್ಮಿಟ್ ಮಾಡದೆ ಬೇರೆ ದಾರಿ ಉಳಿದಿರಬಾರದು.

ಈ ದಾಖಲಾತಿ ಹೆಚ್ಚೆಂದರೆ 30 ದಿನ. ತೀರ್ಮಾನ ಮಾಡುವ ಶಕ್ತಿ ಮರಳಿದೆಯಾ ಅಂತ ಪ್ರತಿ ಏಳು ದಿನಕ್ಕೊಮ್ಮೆ ನೋಡಬೇಕು. ಹೆಂಗಸರು ಮತ್ತು ಮಕ್ಕಳಾದರೆ ಮೂರು ದಿನದೊಳಗೆ, ಬೇರೆಯವರಾದರೆ ಏಳು ದಿನದೊಳಗೆ ಆಸ್ಪತ್ರೆಯವರು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ, ಅಂದರೆ ಈ ಕಾಯ್ದೆಯಡಿ ಅರ್ಜಿ, ದೂರು ನೋಡುವ ಮಂಡಳಿಗೆ ತಿಳಿಸಬೇಕು. 30 ದಿನ ಮೀರಿ ಇಟ್ಟುಕೊಳ್ಳಬೇಕಾದರೆ ಇಬ್ಬರು ಮನೋವೈದ್ಯರು ನೋಡಬೇಕು, ಮಂಡಳಿ ಒಪ್ಪಬೇಕು.

ಅಣ್ಣ ಮೊದಲ ಸಲ ಅಡ್ಮಿಟ್ ಆಗಿದ್ದು ಹಳೆಯ ಕಾಯ್ದೆಯ ಕಾಲದಲ್ಲಿ. ಚಿಕ್ಕಪ್ಪನ ಮಗನ ಮದುವೆಗೆ ಹೋಗೋಣ ಅಂತ ಸುಳ್ಳು ಹೇಳಿ ಕಾರು ಹತ್ತಿಸಿದೆವು. ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದ. ವಾರ್ಡಿನಲ್ಲಿ ಅದನ್ನು ಬಿಚ್ಚಿಸಿ ತಲೆ ಬೋಳಿಸಿದರು. ಈಗಲೂ ಯಾರಾದರೂ ಮದುವೆಗೆ ಕರೆದರೆ ಅವನು ಬರುವುದಿಲ್ಲ. ದಯವಿಟ್ಟು ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ.

ನಾನೇ ಬಂದು ಸೇರಿದ್ದೇನೆ. ಹೋಗುತ್ತೇನೆ ಅಂದರೆ ಬಿಡಬೇಕಾ?

ಬಿಡಬೇಕು. 18 ದಾಟಿದವರು ತಾವಾಗಿ ಸೇರಿದ್ದರೆ ಅದು 'ಸ್ವತಂತ್ರ ದಾಖಲಾತಿ'. ಡಿಸ್ಚಾರ್ಜ್ ಕೇಳಿದ ಕೂಡಲೇ ಕೊಡಬೇಕು. ಮನೆಯವರ ಸಹಿ ಬೇಕಿಲ್ಲ. ಸ್ಥಿತಿ ಬಿಗಡಾಯಿಸಿದೆ ಅನ್ನಿಸಿದರೆ ಮಾತ್ರ, ಪರೀಕ್ಷೆ ಮಾಡಲು 24 ಗಂಟೆ ತಡೆಯಬಹುದು.

ಕುಡಿತ ಬಿಡಿಸುವ ಕೇಂದ್ರಗಳ ಬಗ್ಗೆಯೂ ಜನ ಕೇಳುತ್ತಾರೆ. ಒಳಗಿಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರಗಳೂ ಇದೇ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ದುಡ್ಡು ಕಟ್ಟುವ ಮುಂಚೆ ನೋಂದಣಿ ಪತ್ರ ತೋರಿಸಿ ಅನ್ನಿ. ತೋರಿಸದಿದ್ದರೆ ವಾಪಸ್ ಬನ್ನಿ.

ಪ್ರತಿನಿಧಿ ಅಂದರೆ ಯಾರು? ತಂದೆ ತಾಯಿಯೇ ಆಗಬೇಕಾ?

ಆಗಬೇಕಿಲ್ಲ. ಯಾರನ್ನು ಬೇಕೋ ಅವರನ್ನು ಆಯ್ಕೆ ಮಾಡಬಹುದು: ಅಕ್ಕ, ಗೆಳೆಯ, ಪಕ್ಕದ ಮನೆಯವರು. ಅವರಿಗೆ 18 ತುಂಬಿರಬೇಕು ಮತ್ತು ಅವರು ಒಪ್ಪಬೇಕು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಯಾವಾಗ ಬೇಕಾದರೂ ಬದಲಾಯಿಸಬಹುದು. ಯಾರನ್ನೂ ಹೆಸರಿಸದಿದ್ದರೆ ಮಾತ್ರ ಸಂಬಂಧಿಕರು, ಆಮೇಲೆ ನೋಡಿಕೊಳ್ಳುವವರು ಅಂತ ಸಾಲು ಬರುತ್ತದೆ. ಯಾರೂ ಇಲ್ಲದವರಿಗೆ ಮಂಡಳಿಯೇ ಒಬ್ಬರನ್ನು ನೇಮಿಸುತ್ತದೆ.

ಮನೆಯವರ ಜೊತೆಯೇ ಜಗಳ ಇರುವವರಿಗೆ ಇದು ದೊಡ್ಡ ಆಸರೆ. ಅದರಲ್ಲೂ ಗಂಡನ ಮನೆಯಲ್ಲಿ ಕಷ್ಟ ಪಡುತ್ತಿರುವ ಹೆಣ್ಣುಮಕ್ಕಳಿಗೆ.

'ಮುಂಗಡ ನಿರ್ದೇಶನ' ಅಂದರೇನು?

ಆರಾಮಾಗಿರುವಾಗಲೇ, ಮುಂದೆ ಕಾಯಿಲೆ ಜಾಸ್ತಿಯಾಗಿ ನನಗೆ ಹೇಳಲು ಆಗದಿದ್ದರೆ ಹೀಗೆ ನೋಡಿಕೊಳ್ಳಿ, ಹೀಗೆ ಮಾಡಬೇಡಿ ಅಂತ ಬರೆದಿಡುವ ಪತ್ರ. 18 ದಾಟಿದ ಯಾರು ಬೇಕಾದರೂ ಬರೆಯಬಹುದು, ಇದುವರೆಗೆ ಯಾವ ಕಾಯಿಲೆಯೂ ಬರದವರೂ ಕೂಡ. ನಿಮ್ಮ ಸಹಿ, ಪ್ರತಿನಿಧಿಯ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಲಿ. ಮಂಡಳಿಗೆ ಒಂದು ಪ್ರತಿ, ನಿಮ್ಮ ಡಾಕ್ಟರಿಗೆ ಒಂದು ಪ್ರತಿ ಕೊಡಿ. ಪತ್ರ ಕೈಗೆ ಸಿಗದಿದ್ದರೆ ಪಾಲಿಸಲಿಲ್ಲ ಅಂತ ಡಾಕ್ಟರನ್ನು ದೂರುವಂತಿಲ್ಲ.

ನಾವು ಬರೆದಿದ್ದು ಒಂದು ಭಾನುವಾರ ಮಧ್ಯಾಹ್ನ, ಅಡುಗೆಮನೆಯ ನೆಲದ ಮೇಲೆ ಕೂತು. ಅಣ್ಣ ತನ್ನದೇ ದುಂಡು ಅಕ್ಷರದಲ್ಲಿ ಬರೆದ. ಕೈ ನಡುಗಿಸಿದ ಆ ಮಾತ್ರೆ ಬೇಡ. ಇಂಜೆಕ್ಷನ್ ಕೊಡುವ ಮುಂಚೆ ಹೇಳಿ ಕೊಡಿ. ರಾತ್ರಿ ಲೈಟು ಪೂರ್ತಿ ಆರಿಸಬೇಡಿ. ಆಮೇಲೆ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದು, ಕೊನೆಗೆ 'ನನ್ನ ತಲೆಕೂದಲು ತೆಗೆಯಬಾರದು' ಅಂತ ಬರೆದು ಕೆಳಗೆ ಎರಡು ಗೆರೆ ಎಳೆದ. ಬಲವಂತವಾಗಿ ತಲೆ ಬೋಳಿಸುವುದನ್ನು ಕಾಯ್ದೆಯೇ ನಿಷೇಧಿಸಿದೆ ಅಂತ ನಾನು ಹೇಳಿದೆ. "ಇರಲಿ, ನಾನೂ ಹೇಳ್ತೀನಿ" ಅಂದ.

ಒಂದು ಮಿತಿ ಇದೆ. ತುರ್ತು ಚಿಕಿತ್ಸೆಗೆ ಈ ಪತ್ರ ಅನ್ವಯಿಸುವುದಿಲ್ಲ. ಪಾಲಿಸಿದರೆ ಸರಿಹೋಗುವುದಿಲ್ಲ ಅಂತ ಡಾಕ್ಟರಿಗೋ ಮನೆಯವರಿಗೋ ಅನ್ನಿಸಿದರೆ ಅವರು ಮಂಡಳಿಗೆ ಅರ್ಜಿ ಹಾಕಬೇಕು. ತಾವೇ ಪಕ್ಕಕ್ಕಿಡುವಂತಿಲ್ಲ.

ವಾರ್ಡಿನ ಒಳಗೆ ಏನೇನು ಕೇಳಬಹುದು?

ಸ್ವಚ್ಛವಾದ ಜಾಗ, ಸರಿಯಾದ ಊಟ, ಶೌಚಾಲಯ, ಸ್ನಾನಕ್ಕೆ ಬಟ್ಟೆಗೆ ಮರೆ. ಹೆಂಗಸರಿಗೆ ಮುಟ್ಟಿನ ದಿನಗಳಲ್ಲಿ ಪ್ಯಾಡ್. ಸ್ವಂತ ಬಟ್ಟೆ ಹಾಕಿಕೊಳ್ಳುವ ಹಕ್ಕು. ವಾರ್ಡು ಗುಡಿಸು, ಪಾತ್ರೆ ತೊಳಿ ಅಂತ ಬಲವಂತ ಮಾಡುವಂತಿಲ್ಲ, ಕೆಲಸ ಮಾಡಿಸಿಕೊಂಡರೆ ಕೂಲಿ ಕೊಡಬೇಕು. ಫೋನ್ ಮಾಡಬಹುದು, ನೋಡಲು ಬಂದವರನ್ನು ಮಾತಾಡಿಸಬಹುದು, ಬೇಡ ಅಂತಲೂ ಹೇಳಬಹುದು. ಮೂರು ವರ್ಷದೊಳಗಿನ ಮಗುವನ್ನು ಸುಮ್ನೆ ತಾಯಿಯಿಂದ ಬೇರೆ ಮಾಡುವಂತಿಲ್ಲ. ಮಗುವಿಗೆ ಅಪಾಯ ಇದ್ದರೆ ಮಾತ್ರ, ಅದೂ ಸ್ವಲ್ಪ ಕಾಲಕ್ಕೆ.

ಕೈಕಾಲು ಕಟ್ಟುವುದರ ಬಗ್ಗೆ ಬಿಗಿಯಾದ ನಿಯಮ ಇದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿ ಇಲ್ಲದಾಗ ಮಾತ್ರ, ಮನೋವೈದ್ಯರು ಒಪ್ಪಿಗೆ ಕೊಟ್ಟರೆ ಮಾತ್ರ, ಬೇಕಾದಷ್ಟು ಹೊತ್ತು ಮಾತ್ರ. ಅದನ್ನು ಕೇಸ್ ಶೀಟಿನಲ್ಲಿ ಬರೆಯಬೇಕು. ಪ್ರತಿ ಸಲ ಕಟ್ಟಿದಾಗಲೂ 24 ಗಂಟೆಯೊಳಗೆ ಪ್ರತಿನಿಧಿಗೆ ತಿಳಿಸಬೇಕು. ಶಿಕ್ಷೆ ಅಂತ ಕಟ್ಟುವಂತಿಲ್ಲ. ಸಿಬ್ಬಂದಿ ಕಡಿಮೆ ಇದ್ದಾರೆ ಅನ್ನುವುದೂ ಕಾರಣ ಅಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕುವುದಂತೂ ಇಲ್ಲವೇ ಇಲ್ಲ.

'ಕರೆಂಟ್ ಕೊಡುತ್ತಾರೆ' ಅಂತ ಹೆದರಿಕೆ. ಅದು ಕಾನೂನಿಗೆ ವಿರುದ್ಧ ಅಲ್ವಾ?

ಜನ 'ಕರೆಂಟ್' ಅನ್ನುವ ಇಸಿಟಿ ಚಿಕಿತ್ಸೆ ಕಾನೂನುಬದ್ಧ, ಕೆಲವರಿಗೆ ಜೀವ ಉಳಿಸುವಂಥದ್ದು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಕೊಡದೆ ಮಾಡುವುದು ನಿಷೇಧ. ತುರ್ತು ಚಿಕಿತ್ಸೆ ಹೆಸರಲ್ಲಿ ಕೊಡುವಂತಿಲ್ಲ. ಮಕ್ಕಳಿಗೆ ಕೊಡಬೇಕಾಗಿ ಬಂದರೆ ಪೋಷಕರ ಒಪ್ಪಿಗೆಯ ಜೊತೆ ಮಂಡಳಿಯ ಅನುಮತಿ ಮೊದಲೇ ಬೇಕು. ಚಿಕಿತ್ಸೆ ಅಂತ ಹೇಳಿ ಸಂತಾನಹರಣ ಆಪರೇಷನ್ ಮಾಡುವುದೂ ನಿಷೇಧ.

ದೇವಸ್ಥಾನದಲ್ಲಿ, ಮನೆಯಲ್ಲಿ ಸರಪಳಿ ಹಾಕಿ ಇಟ್ಟಿದ್ದಾರೆ. ಏನು ಮಾಡಲಿ?

ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಹರಕೆ ಹೊರಿ, ತಾಯತ ಕಟ್ಟಿಸಿ, ಯಾರೂ ಬೇಡ ಅನ್ನುವುದಿಲ್ಲ. ನಮ್ಮಮ್ಮನೂ ಎಲ್ಲ ದೇವರಿಗೂ ಕಾಯಿ ಒಡೆಸಿದಳು. ಆದರೆ ಸರಪಳಿ ಕಂಡರೆ ಸುಮ್ಮನಿರಬೇಡಿ, ಠಾಣೆಗೆ ತಿಳಿಸಿ. ಮನೆಯಲ್ಲೇ ಹಿಂಸೆ ಕೊಡುತ್ತಿದ್ದರೆ, ನೋಡಿಕೊಳ್ಳದೆ ಬಿಟ್ಟಿದ್ದರೆ, ಠಾಣಾಧಿಕಾರಿ ಅದನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಲೇಬೇಕು.

ಕಟ್ಟಿಹಾಕಿದ ಮನೆಯವರೆಲ್ಲ ಕ್ರೂರಿಗಳಲ್ಲ ಅನ್ನುವುದೂ ನನಗೆ ಗೊತ್ತು. ಕೂಲಿಗೆ ಹೋಗುವಾಗ ಮಗ ರಸ್ತೆಗೆ ಓಡಿಹೋಗುತ್ತಾನೆ ಅಂತ ಹಗ್ಗ ಕಟ್ಟಿದ ತಾಯಿಯನ್ನು ನೋಡಿದ್ದೇನೆ. ಅಂಥವರಿಗೆ ಮೊದಲು ಬೇಕಾದ್ದು ಹತ್ತಿರದಲ್ಲಿ ಡಾಕ್ಟರು, ಕೈಯಲ್ಲಿ ಮಾತ್ರೆ.

ದುಡ್ಡಿಲ್ಲ. ಚಿಕಿತ್ಸೆ ಹೇಗೆ?

ಸರ್ಕಾರ ನಡೆಸುವ ಅಥವಾ ಹಣ ಕೊಡುವ ಕಡೆ ಮಾನಸಿಕ ಚಿಕಿತ್ಸೆ ಪಡೆಯುವುದು ಈಗ ಹಕ್ಕು. ಬಿಪಿಎಲ್ ಕುಟುಂಬಗಳಿಗೆ ಉಚಿತ. ನಿರ್ಗತಿಕರಿಗೆ ಕಾರ್ಡು ಇಲ್ಲದಿದ್ದರೂ ಉಚಿತ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಪುಕ್ಕಟೆ ಸಿಗಬೇಕು.

ಎಲ್ಲರೂ ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಓಡಬೇಕಿಲ್ಲ. ಹಳ್ಳಿಯ ಹತ್ತಿರದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆ. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂತು. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಆ ವಿಭಾಗ ಕೇಳಿ. 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಮಂಗಳವಾರ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ವಿಚಾರಿಸಿಕೊಂಡು ಹೋಗಿ.

ವಿಮೆಯೂ ಅಷ್ಟೇ. ದೇಹದ ಕಾಯಿಲೆಗೆ ಇರುವ ಹಾಗೆಯೇ ಮನಸ್ಸಿನ ಕಾಯಿಲೆಗೂ ಆರೋಗ್ಯ ವಿಮೆ ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2018ರ ಆಗಸ್ಟ್‌ನಲ್ಲೇ ಕಂಪನಿಗಳಿಗೆ ಹಾಗೆ ಸೂಚಿಸಿದೆ. ಕ್ಲೇಮು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಪೊಲೀಸರು ಹಿಡಿದುಕೊಂಡು ಹೋದರೆ?

ಅಲೆದಾಡುತ್ತಿರುವ ರೋಗಿಯನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಳ್ಳಬಹುದು, ಬಂಧಿಸುವ ಹಾಗೆ ಲಾಕಪ್ಪಿನಲ್ಲಿ ಇಡುವಂತಿಲ್ಲ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆ ಮಠ ಗೊತ್ತಿಲ್ಲದವರಾದರೆ ಕಾಣೆಯಾದವರ ಬಗ್ಗೆ ಎಫ್‌ಐಆರ್ ಹಾಕಿ ಮನೆಯವರನ್ನು ಹುಡುಕಬೇಕು.

ಆತ್ಮಹತ್ಯೆಗೆ ಪ್ರಯತ್ನಿಸಿದರೆ ಕೇಸ್ ಆಗುತ್ತಾ?

ಈ ಹೆದರಿಕೆಯಿಂದಲೇ ಎಷ್ಟೋ ಜನ ಆಸ್ಪತ್ರೆಗೆ ತಡ ಮಾಡಿ ಬರುತ್ತಾರೆ. ದಯವಿಟ್ಟು ತಡ ಮಾಡಬೇಡಿ. ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾಯ್ದೆ ಭಾವಿಸುತ್ತದೆ, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಅನ್ನುತ್ತದೆ. ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರರ ಕರ್ತವ್ಯ ತಡೆಯಲು ಹೀಗೆ ಮಾಡಿದರೆ ಮಾತ್ರ ಅದು ಅಪರಾಧ.

ನಿಮಗೇ ಅಂಥ ಯೋಚನೆ ಬರುತ್ತಿದ್ದರೆ ಈಗಲೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಕಾಯಿಲೆ ಇದೆ ಅಂದರೆ ಆಸ್ತಿ, ವೋಟು, ಮದುವೆ, ಕೆಲಸ ಎಲ್ಲ ಹೋಯಿತಾ?

ಹೋಗುವುದಿಲ್ಲ. ಡಾಕ್ಟರು ಚೀಟಿಯಲ್ಲಿ ಕಾಯಿಲೆಯ ಹೆಸರು ಬರೆದರು ಅಂದರೆ 'ಅಸ್ವಸ್ಥ ಚಿತ್ತ' ಅಂತ ಅರ್ಥ ಅಲ್ಲ. ಅದನ್ನು ಹೇಳಬೇಕಾದ್ದು ನ್ಯಾಯಾಲಯ. ಅಲ್ಲಿಯವರೆಗೆ ವೋಟು ಇದೆ, ಆಸ್ತಿಯಲ್ಲಿ ಪಾಲೂ ಇದೆ. ಅಣ್ಣ ಪ್ರತಿ ಚುನಾವಣೆಯಲ್ಲೂ ಬೆಳಿಗ್ಗೆ ಏಳಕ್ಕೇ ಹೋಗಿ ಸಾಲಿನಲ್ಲಿ ನಿಲ್ಲುತ್ತಾನೆ.

ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ವಿಚ್ಛೇದನಕ್ಕೆ ಒಂದು ಕಾರಣ, ನಿಜ. ಆದರೆ ಸ್ಕಿಜೋಫ್ರೇನಿಯಾ ಅನ್ನುವ ಹೆಸರು ತೋರಿಸಿದರೆ ಸಾಲದು, ಒಟ್ಟಿಗೆ ಬಾಳಲು ಆಗದಷ್ಟು ತೀವ್ರವಾಗಿದೆ ಅಂತ ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಕೆಲಸದ ವಿಷಯಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನೋಡಿ. ಅದರಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಸಿಕ್ಕರೆ ಹಲವು ಸೌಲಭ್ಯಗಳಿಗೆ ದಾರಿ ತೆರೆಯುತ್ತದೆ.

ಚಿಕಿತ್ಸೆಯ ದಾಖಲೆ ಕೇಳಿದರೆ ಕೊಡುತ್ತಾರಾ? ಬೇರೆಯವರಿಗೂ ಹೇಳುತ್ತಾರಾ?

ನಿಮ್ಮ ದಾಖಲೆ ನೋಡುವ ಹಕ್ಕು ನಿಮಗಿದೆ. ಬೇರೆಯವರಿಗೆ, ಅಂದರೆ ಆಫೀಸಿಗೆ, ಬೀಗರಿಗೆ, ಪತ್ರಿಕೆಗೆ, ನಿಮ್ಮ ಒಪ್ಪಿಗೆ ಇಲ್ಲದೆ ಹೇಳುವಂತಿಲ್ಲ. ಫೋಟೋ ಕೂಡ ಕೊಡುವಂತಿಲ್ಲ.

ಇದೆಲ್ಲ ಮೀರಿದರೆ ಯಾರಿಗೆ ದೂರು ಕೊಡುವುದು?

ಮೊದಲು ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗೆ, ಬರಹದಲ್ಲಿ. ಕೇಳದಿದ್ದರೆ ಪರಿಶೀಲನಾ ಮಂಡಳಿಗೆ. ಜಿಲ್ಲಾ ನ್ಯಾಯಾಧೀಶರ ಮಟ್ಟದವರು ಅದರ ಅಧ್ಯಕ್ಷರು. ಸದಸ್ಯರಲ್ಲಿ ಇಬ್ಬರು ಸ್ವತಃ ಕಾಯಿಲೆ ಕಂಡವರು, ನೋಡಿಕೊಳ್ಳುವವರು ಅಥವಾ ಈ ಕೆಲಸ ಮಾಡುವ ಸಂಸ್ಥೆಯವರು ಇರಬೇಕು. ಅರ್ಜಿಗೆ ಶುಲ್ಕ ಇಲ್ಲ. ಮಂಡಳಿಯ ತೀರ್ಪು ಸರಿ ಅನ್ನಿಸದಿದ್ದರೆ 30 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಕಾಯ್ದೆ ಮುರಿದವರಿಗೆ ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಮಂಡಳಿಗಳು ಎಲ್ಲ ಕಡೆ ಚುರುಕಾಗಿಲ್ಲ. ಇದು ನನಗೆ ಬಹಳ ಬೇಸರದ ವಿಷಯ. ಕಾಗದದ ಮೇಲಿನ ಒಳ್ಳೆಯ ಕಾಯ್ದೆ ವಾರ್ಡಿನವರೆಗೆ ಬರದೇ ಹೋಗುವುದು ಇಲ್ಲೇ. ಮಂಡಳಿ ಎಲ್ಲಿದೆ ಅಂತ ಗೊತ್ತಾಗದಿದ್ದರೆ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಉಚಿತ ವಕೀಲರು ಸಿಗುತ್ತಾರೆ. ಇದೂ ಕಾಯ್ದೆ ಕೊಟ್ಟ ಹಕ್ಕೇ.

ಹೀಗೆಲ್ಲ ಕೇಳಿದರೆ ಡಾಕ್ಟರಿಗೆ ಸಿಟ್ಟು ಬರಲ್ವಾ?

ಕೆಲವರಿಗೆ ಬರುತ್ತದೆ. ಜಾಸ್ತಿ ಜನಕ್ಕೆ ಬರುವುದಿಲ್ಲ. ಒಂದೇ ದಿನ ಅಷ್ಟೊಂದು ರೋಗಿಗಳನ್ನು ನೋಡುವ ಅವರಿಗೂ ಸುಸ್ತಾಗಿರುತ್ತದೆ, ಅದನ್ನೂ ಅರ್ಥ ಮಾಡಿಕೊಳ್ಳಬೇಕು. ನಾನು ಕಾಯ್ದೆ, ಕಲಮು ಅಂತ ಶುರುಮಾಡುವುದಿಲ್ಲ. ಪತ್ರದ ಜೆರಾಕ್ಸ್ ಮೇಜಿನ ಮೇಲಿಟ್ಟು, "ಡಾಕ್ಟ್ರೇ, ಇದು ಅವನೇ ಬರೆದದ್ದು, ಒಂದ್ಸಲ ನೋಡ್ತೀರಾ?" ಅನ್ನುತ್ತೇನೆ. ಆಮೇಲೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು ಕೂರುತ್ತೇನೆ, ಡಾಕ್ಟರಿಗೆ ಅಣ್ಣ ಕಾಣುವ ಹಾಗೆ.